ಪರದೆ ಸತ್ತರೆ ಕಾರೂ ಸಾಯಬೇಕೇ?

ಪರಿಸರಸ್ನೇಹಿ ಎಂಬ ಬಿರುದು ಹೊತ್ತ ಅಮೆರಿಕದ ಟೆಸ್ಲಾ ಕಾರುಗಳ ಕಥೆಯೊಂದನ್ನು ಓದುಗರು ಗಮನಿಸಬೇಕು. 2018ರ ಆರಂಭದವರೆಗೆ ತಯಾರಾದ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳ ದೊಡ್ಡ ಪರದೆಯ ಹಿಂದೆ 8 ಜಿಬಿಯ ಮೆಮೊರಿ ಚಿಪ್ ಒಂದಿತ್ತು. ಇಂತಹ ಚಿಪ್‌ನಲ್ಲಿ ಬರೆದು ಅಳಿಸುವುದಕ್ಕೆ ಮಿತಿಯುಂಟು. ಐದಾರು ವರ್ಷಗಳಲ್ಲಿ ಅದು ಸವೆಯುತ್ತಿತ್ತು. ಹಾಡು ನಿಂತರೆ ಚಿಂತೆಯಿಲ್ಲ. ಹಿಂಬದಿಯ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ವ್ಯವಸ್ಥೆಯೂ ಆ ಪರದೆಯನ್ನೇ ನಂಬಿದ್ದವು! ನಮ್ಮ ಘಟ್ಟದ ಹಳೆಯ ಜೀಪಿನಲ್ಲಿ ರೇಡಿಯೋ ಕೆಟ್ಟಿತೆಂದು ವೈಪರ್ ನಿಂತದ್ದುಂಟೇ?

ವಾರಂಟಿ ಮುಗಿದವರು ಇಡೀ ಘಟಕ ಬದಲಿಸಲು ಸಾವಿರ ಡಾಲರಿಗೂ ಮಿಕ್ಕಿ ತೆರಬೇಕಾಯಿತು. ಹೊರಗಿನ ಕುಶಲಕರ್ಮಿಗಳಾದರೋ ಚಿಪ್ ಒಂದನ್ನೇ ಬದಲಿಸಿ ಕೊಟ್ಟರು. ಎಲ್ಲೋ ಗುಡ್ಡವನ್ನಗೆದು ತೆಗೆದ ತಾಮ್ರವನ್ನು ಇಷ್ಟಕ್ಕಾಗಿ ಕಸಕ್ಕೆ ಎಸೆಯಬೇಕಿತ್ತೇ?

2021ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆಯು ಸುಮಾರು 1,58,000 ಕಾರುಗಳನ್ನು ಹಿಂಪಡೆಯಲು ಕೇಳಿತು. ಕಂಪೆನಿ ಸುಮಾರು 1,35,000ಕ್ಕೆ ಉಚಿತ ದುರಸ್ತಿ ಒಪ್ಪಿತು, ಆದರೆ ದೋಷವನ್ನು ಒಪ್ಪಲಿಲ್ಲ. ಇಂತಹ ಭಾಗವು ಕಾರಿನ ಆಯುಷ್ಯದುದ್ದಕ್ಕೂ ಬಾಳಬೇಕೆಂಬುದು ಕಾರ್ಯಸಾಧ್ಯವಲ್ಲವಂತೆ! ಹಾಗಾದರೆ ಅದನ್ನು ಸುಲಭವಾಗಿ ಕಳಚುವಂತೆ ಕೂರಿಸಲಿಲ್ಲವೇಕೆ?

2022ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರವೂ ದುರಸ್ತಿಯ ಹಕ್ಕಿನ ಜಾಲತಾಣ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಜಾಲತಾಣ ಕಾಯಿದೆಯಲ್ಲ. ಬಿಡಿಭಾಗವನ್ನೂ ದುರಸ್ತಿಯ ಕೈಪಿಡಿಯನ್ನೂ ಊರಿನ ಮೆಕ್ಯಾನಿಕ್‌ಗೆ ಕೊಡಲೇಬೇಕೆಂಬ ಕಾಯಿದೆಯನ್ನು ನಾವು ಕೇಳಬೇಕಾಗಿದೆ.