ಬೆನ್ನು ಮುಟ್ಟಿ ನೋಡುವ ಡಾಕ್ಟರು ನಮಗೆ ಬೇಕು



ಬಿಪಿ, ಶುಗರ್, ಡೆಂಗ್ಯೂ ಬಗ್ಗೆ ಈ ಮಾಲಿಕೆಯಲ್ಲಿ ಸಾಕಷ್ಟು ಓದಿದ್ದೀರಿ. ಈ ಸಲ ವಿಷಯ ಸ್ವಲ್ಪ ಬೇರೆ. ನಮ್ಮ ಡಾಕ್ಟರುಗಳು ಏನು ಕಲಿತು ಬರಬೇಕು ಎಂಬುದು. ಅದು ಕಾಲೇಜಿನವರ ತಲೆನೋವು, ನಮಗೇನು ಎಂದು ಮುಂದೆ ಸರಿಸಬೇಡಿ. ಇದಕ್ಕೂ ನಿಮ್ಮ ತಿಂಗಳ ಪಗಾರಕ್ಕೂ ನೇರ ಸಂಬಂಧ ಇದೆ.

ಶಿರೂರು ಎಂದ ಕೂಡಲೇ ಊರ ಕಡೆಯವರಿಗೆ ಕುಂದಾಪುರದ ಹತ್ತಿರದ್ದೋ ಅಂಕೋಲೆಯದ್ದೋ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಪುಣೆ ಜಿಲ್ಲೆಯ ಶಿರೂರು. ಘೋಡ್ ನದಿಯ ದಂಡೆ, ಪುಣೆಯಿಂದ ನಗರಕ್ಕೆ (ಈಗ ಅಹಿಲ್ಯಾನಗರ) ಹೋಗುವ ಹೆದ್ದಾರಿ, ಪುಣೆ ಕಡೆಗೆ ಬಂದರೆ ರಂಜಣಗಾಂವ್ ಗಣಪತಿ ಮತ್ತು ಅಲ್ಲಿನ ದೊಡ್ಡ ಎಂಐಡಿಸಿ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಕಡೆಯಿಂದ ಬಂದ ನಮ್ಮವರು ಇಲ್ಲಿ ಸೆಂಟ್ರಿಂಗ್ ಕಟ್ಟುತ್ತಾರೆ, ಲೋಡಿಂಗ್ ಮಾಡುತ್ತಾರೆ, ಪಾಳಿ ಮೇಲೆ ಮಷಿನ್ ಮುಂದೆ ನಿಲ್ಲುತ್ತಾರೆ, ಕಬ್ಬು ಕಡಿಯುತ್ತಾರೆ. ಎಲ್ಲವೂ ಟೊಂಕ, ಭುಜ, ಮೊಣಕಾಲಿನ ಮೇಲೆ ನಡೆಯುವ ಬದುಕು. ಈ ಮೂರರಲ್ಲಿ ಒಂದು ಕೈಕೊಟ್ಟರೆ ಆ ದಿನದ ಹಾಜರಿ ಹೋಯಿತು.

ನೋವು ಬಂದಾಗ ನಾವು ಮೊದಲು ಹೋಗುವುದು ಎಲುಬಿನ ಸ್ಪೆಷಲಿಸ್ಟ್ ಹತ್ತಿರ ಅಲ್ಲ. ಖೋಲಿಯ ಹತ್ತಿರದ ದವಾಖಾನೆಗೆ. ಅಲ್ಲಿ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ: ಎರಡು ಮಾತು, ಒಂದು ಇಂಜೆಕ್ಷನ್, ಐದು ದಿನದ ಗುಳಿಗೆ.

ನನ್ನ ಪರಿಚಯದ ಒಬ್ಬ ಸೆಂಟ್ರಿಂಗ್ ಕೆಲಸದವರಿಗೆ ಟೊಂಕ ಹಿಡಿಯಿತು. ಮೂರು ಕಡೆ ತೋರಿಸಿದರು. ಇಂಜೆಕ್ಷನ್, ಸಲೈನ್, ಎಕ್ಸ್‌ರೇ ಆದವು, ಕೊನೆಗೆ ಸಾಲ ತಂದು ಎಂಆರ್‌ಐ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಎಂದು ಬಂತು. ಆಪರೇಷನ್ ಬೇಕಾಗಬಹುದು ಎಂಬ ಒಂದು ಮಾತಿಗೆ ಹೆದರಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟುಬಿಟ್ಟರು. ಮಕ್ಕಳ ಶಾಲೆ ನಡುವೆಯೇ ನಿಂತಿತು. ಇಷ್ಟೆಲ್ಲದರ ನಡುವೆ ಅವರ ಅಂಗಿ ಎತ್ತಿ ಬೆನ್ನು ಮುಟ್ಟಿ ನೋಡಿದವರು, ಕಾಲು ಎತ್ತಿಸಿ ನೋಡಿದವರು ಒಬ್ಬರೂ ಇರಲಿಲ್ಲ.

ಆ ‘ಡಿಸ್ಕ್ ಬಲ್ಜ್’ ಬಗ್ಗೆ ಒಂದು ವಿಷಯ ಕೇಳಿ. ಬೆನ್ನು ನೋವೇ ಇಲ್ಲದ ಜನರ ಸ್ಕ್ಯಾನ್‌ಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇ. 30ರಷ್ಟು ಜನರಿಗೆ ಡಿಸ್ಕ್ ಉಬ್ಬಿರುತ್ತದೆ, 80ರ ವಯಸ್ಸಿಗೆ ಬಂದರೆ ಶೇ. 84. ನೋವಿಲ್ಲದವರಲ್ಲಿ! ತಲೆಗೂದಲು ನೆರೆತಂತೆ ಇದೂ ವಯಸ್ಸಿನ ಗುರುತು. ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನೋವಿನ ಕಾರಣ ಆಗಬೇಕಿಲ್ಲ. ಸಾಮಾನ್ಯ ಟೊಂಕ ನೋವು ಹೆಚ್ಚಿನವರಿಗೆ ಆರು ವಾರದೊಳಗೆ ತುಂಬಾ ಇಳಿಯುತ್ತದೆ, ಮಲಗಿದ್ದಕ್ಕಿಂತ ಓಡಾಡಿಕೊಂಡಿದ್ದರೆ ಬೇಗ. ಇದನ್ನು ಧೈರ್ಯವಾಗಿ ಹೇಳಬೇಕಾದರೆ ಡಾಕ್ಟರಿಗೆ ತನ್ನ ಕೈ ಮೇಲೆ ನಂಬಿಕೆ ಇರಬೇಕು. ಆ ನಂಬಿಕೆ ಕಲಿಕೆಯಿಂದ ಬರುತ್ತದೆ, ಕಲಿಸದಿದ್ದರೆ ಎಲ್ಲಿಂದ ಬರಬೇಕು?

ಅದಕ್ಕೇ ನಾನು ಇಲ್ಲಿನ ಡಾಕ್ಟರುಗಳನ್ನು ಬೈಯುವುದಿಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಇಂಟರ್ನ್‌ಶಿಪ್ ಮಾಡುತ್ತಾರೆ. 2021ರ ನಿಯಮದ ಪ್ರಕಾರ ಆ 52 ವಾರಗಳಲ್ಲಿ ಎಲುಬು ಕೀಲುಗಳ ವಿಭಾಗಕ್ಕೆ ಸಿಗುವುದು 2 ವಾರ. ಎಲುಬು, ಕೀಲು, ಸ್ನಾಯು, ಬೆನ್ನು ಎಲ್ಲ ಸೇರಿ ಎರಡೇ ವಾರ. ಅದೂ ದೊಡ್ಡಾಸ್ಪತ್ರೆಯಲ್ಲಿ, ಅಪಘಾತದಲ್ಲಿ ತೊಡೆ ಮುರಿದುಕೊಂಡು ಬಂದವರ ನಡುವೆ. ಅಲ್ಲಿ ಪ್ಲಾಸ್ಟರ್ ಕಂಡಾರು, ರಾಡ್ ಹಾಕುವುದು ಕಂಡಾರು. ಮೂಟೆ ಹೊತ್ತು ಭುಜ ಎತ್ತಲಾಗದವರು ಕಣ್ಣಿಗೆ ಬೀಳುವುದೇ ಅಪರೂಪ. ಇದು ನಮ್ಮ ದೇಶದ ಗೋಳು ಮಾತ್ರ ಅಲ್ಲ. ಅಮೆರಿಕದಲ್ಲಿ ಆಗಷ್ಟೇ ಡಾಕ್ಟರಾದ 85 ಮಂದಿಗೆ ಎಲುಬು ಕೀಲುಗಳ ಮೂಲ ವಿಷಯದ ಒಂದು ಪರೀಕ್ಷೆ ಕೊಟ್ಟು ನೋಡಿದರು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. 70 ಮಂದಿ ಫೇಲ್.

ಅವರು ಅಲ್ಲಿಗೆ ಬಿಡಲಿಲ್ಲ. ಅಲ್ಲಿ ಫ್ಯಾಮಿಲಿ ಮೆಡಿಸಿನ್ ಎಂಬುದು ಎಂಬಿಬಿಎಸ್‌ಗೆ ಸಮನಾದ ಓದು ಮುಗಿಸಿ ಮತ್ತೆ ಮೂರು ವರ್ಷ ಆಸ್ಪತ್ರೆಯಲ್ಲಿ ಇದ್ದು ಕಲಿಯುವ ವಿದ್ಯೆ. ಆ ತರಬೇತಿಯಲ್ಲಿ ಎಲುಬು ಕೀಲುಗಳಿಗೇ 2 ತಿಂಗಳು ಅಥವಾ 200 ಗಂಟೆ ಇರಬೇಕು, ಅದರಲ್ಲಿ ಕ್ರೀಡಾ ವೈದ್ಯವೂ ಸೇರಿರಬೇಕು ಎಂದು ವರ್ಷಗಟ್ಟಲೆ ನಿಯಮವೇ ಇತ್ತು. ನಮ್ಮಲ್ಲೂ ಮೂರು ವರ್ಷದ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಇದೆ. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕಡೆ ಕಲಿಸುತ್ತಾರೆ. 2002ರ ರಾಷ್ಟ್ರೀಯ ಆರೋಗ್ಯ ನೀತಿಯೂ 2017ರ ನೀತಿಯೂ ಇಂಥ ಡಾಕ್ಟರು ಹೆಚ್ಚಬೇಕು ಎಂದಿವೆ. ಹೆಚ್ಚಿಸುವುದಾದರೆ ಅವರಿಗೆ ಏನು ಕಲಿಸಬೇಕು ಎಂಬಲ್ಲಿ ನನ್ನ ತಕರಾರು ಇರುವುದು.

ಆಪರೇಷನ್ ಥಿಯೇಟರಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಹಾಜರಿ ಹಾಕಿ, ಪುಸ್ತಕದಲ್ಲಿ ಸಹಿ ಮಾಡಿಸಿದರೆ ಅದು ತರಬೇತಿ ಅಲ್ಲ. ಫ್ಯಾಮಿಲಿ ಡಾಕ್ಟರು ಕಲಿಯಬೇಕಾದದ್ದು ಕೈಯ ವಿದ್ಯೆ. ಮೊಣಕಾಲು ಹಿಡಿದು ಮುಂದಕ್ಕೆ ಎಳೆದು ಒಳಗಿನ ಲಿಗಮೆಂಟ್ ಹರಿದಿದೆಯೇ ಎಂದು ಹೇಳುವುದು. ಭುಜದಲ್ಲಿ ಸ್ನಾಯು ಹರಿದದ್ದಕ್ಕೂ ಕೀಲು ಗಟ್ಟಿಯಾದದ್ದಕ್ಕೂ ವ್ಯತ್ಯಾಸ ತಿಳಿಯುವುದು (ಶುಗರ್ ಇದ್ದವರಿಗೆ ಭುಜ ಗಟ್ಟಿಯಾಗುವುದು ಹೆಚ್ಚು). ಕಾಲು ಉಳುಕಿದಾಗ ಎಕ್ಸ್‌ರೇ ಬೇಕೋ ಬೇಡವೋ ಎಂದು ನಿರ್ಧರಿಸುವುದು. ಇದಕ್ಕೆ ಕೆನಡಾದ ಒಟ್ಟಾವಾದಲ್ಲಿ 1992ರಲ್ಲೇ ಒಂದು ಸುಲಭ ನಿಯಮ ಮಾಡಿಕೊಟ್ಟಿದ್ದಾರೆ. ಕಣಕಾಲಿನ ಒಳಗೂ ಹೊರಗೂ ಉಬ್ಬಿರುವ ಎಲುಬುಗಳ ಹಿಂದಿನ ಅಂಚು ಮತ್ತು ತುದಿ ಒತ್ತಿ ನೋಡಬೇಕು, ಪಾದದಲ್ಲಿ ಎರಡು ಜಾಗ ಒತ್ತಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಒತ್ತಿದಲ್ಲಿ ನೋವಿಲ್ಲ, ನಡೆಯಲು ಆಗುತ್ತದೆ ಎಂದರೆ ಎಲುಬು ಮುರಿದಿರುವ ಸಂಭವ ತೀರಾ ಕಡಿಮೆ. ಒಂದು ನಿಮಿಷದ ಕೆಲಸ, ಖರ್ಚು ಸೊನ್ನೆ. ಆದರೆ ಹತ್ತು ಜನರ ಕಾಲು ಮುಟ್ಟಿ, ಪಕ್ಕದಲ್ಲಿ ಬಲ್ಲವರು ನಿಂತು ತಿದ್ದಿದರೆ ಮಾತ್ರ ಕೈಗೆ ಹತ್ತುತ್ತದೆ.

ಇನ್ನು ಭಾಷೆ. ಮರಾಠಿ ಡಾಕ್ಟರ ಮುಂದೆ ನಮ್ಮವರು ‘ಕಾಲು ನೋವು’ ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ತೊಡೆಯ ಬುಡದಿಂದ ಕಿರುಬೆರಳ ತನಕ ಎಲ್ಲವೂ ಕಾಲೇ! ಟೊಂಕ ಎಂದರೆ ಅವರಿಗೆ ತಿಳಿಯದು, ಕಂಬರ ಎಂದರೆ ನಮ್ಮ ಹೊಸಬರಿಗೆ ತಿಳಿಯದು. ಮಾತು ಸೋತಲ್ಲಿ ಕೈ ಕೆಲಸ ಮಾಡಬೇಕು. ವಲಸೆ ಬಂದವರಿಗೆ ಮುಟ್ಟಿ ನೋಡುವ ಡಾಕ್ಟರು ಹೆಚ್ಚು ಬೇಕು ಎನ್ನುವುದು ಇದಕ್ಕೇ.

ಕ್ರೀಡಾ ವೈದ್ಯ ಎಂದಾಗ ಕೆಲವರು ನಗುತ್ತಾರೆ. ಅದು ಬೆಂಗಳೂರಿನ ಬಿಸಿಸಿಐ ಕೇಂದ್ರದಲ್ಲಿ ಕ್ರಿಕೆಟಿಗರಿಗೆ ಇರುವ ಸೌಕರ್ಯ, ನಮಗೆಲ್ಲಿ ಎಂದು. ಬೆಳಗ್ಗೆ ಐದಕ್ಕೆ ಎದ್ದು ರಸ್ತೆ ನೋಡಿ. ಪೊಲೀಸ್ ಭರತಿಗೆ, ಅಗ್ನಿವೀರ್‌ಗೆ 1600 ಮೀಟರ್ ಓಟದ ತಯಾರಿಯಲ್ಲಿ ಹುಡುಗರು ಡಾಂಬರು ರಸ್ತೆಯ ಮೇಲೆ ಓಡುತ್ತಿರುತ್ತಾರೆ. ಶಾಲೆಗಳಲ್ಲಿ ಕಬಡ್ಡಿ, ಖೋಖೋ, ತಾಲೀಮಿನಲ್ಲಿ ಕುಸ್ತಿ. ಓಡುವ ಹುಡುಗನ ಮುಂಗಾಲಿನ ಎಲುಬಿನಲ್ಲಿ ಒಂದೇ ಜಾಗದಲ್ಲಿ ಒತ್ತಿದರೆ ನೋವು ಎಂದರೆ ಸಣ್ಣ ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆಯೇ ಇರಬಹುದು. ತಿಳಿಯದ ಡಾಕ್ಟರು ‘ಎಕ್ಸ್‌ರೇ ನಾರ್ಮಲ್, ಓಡು’ ಎನ್ನುತ್ತಾರೆ, ಬಿರುಕು ಮುರಿತವಾಗುತ್ತದೆ, ಭರತಿಯ ವರ್ಷ ಹೋಗುತ್ತದೆ. ತಿಳಿದವರು ಕೆಲವು ವಾರ ಓಟ ನಿಲ್ಲಿಸಿ, ನಂತರ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸು ಎನ್ನುತ್ತಾರೆ. ಕಬಡ್ಡಿಯಲ್ಲಿ ಮೊಣಕಾಲು ‘ಟಪ್’ ಎಂದು ಒಂದೆರಡು ಗಂಟೆಯಲ್ಲಿ ಊದಿಕೊಂಡರೆ ಲಿಗಮೆಂಟ್ ಹರಿದಿರುವ ಸಂಶಯ ಬಲವಾಗಿ ಬರಬೇಕು. ಎಣ್ಣೆ ಹಾಕಿ ತಿಕ್ಕಿಸುವುದಲ್ಲ.

ಎಣ್ಣೆ ತಿಕ್ಕುವವರ, ಎಲುಬು ಕಟ್ಟುವವರ ಹತ್ತಿರ ನಮ್ಮ ಜನ ಯಾಕೆ ಹೋಗುತ್ತಾರೆ ಗೊತ್ತೇ? ಅವರು ಮುಟ್ಟುತ್ತಾರೆ. ನೋವಿನ ಜಾಗ ಕೇಳುತ್ತಾರೆ. ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ರಕ್ತ ಓಡದೆ ಕೈ ಸೊರಗಿದ ಮಕ್ಕಳ ಕಥೆಗಳೂ ಇವೆ, ಹಾಗಾಗಿ ಹೋಗಿ ಎನ್ನಲಾರೆ. ಆದರೆ ಅವರಲ್ಲಿರುವ ಆ ಒಂದು ಗುಣ ನಮ್ಮ ಡಿಗ್ರಿ ಪಡೆದವರಲ್ಲೂ ಇರಲಿ ಎಂದರೆ ತಪ್ಪೇ?

ಶಿರೂರಿನಲ್ಲೇ ಎಲುಬಿನ ಡಾಕ್ಟರುಗಳು ಇದ್ದಾರಲ್ಲ, ಫ್ಯಾಮಿಲಿ ಡಾಕ್ಟರಿಗೆ ಈ ಹೊರೆ ಯಾಕೆ ಎನ್ನುವವರಿದ್ದಾರೆ. ಆ ಹೊರೆ ಈಗಾಗಲೇ ಅವರ ತಲೆ ಮೇಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 171 ಕೋಟಿ ಜನರಿಗೆ ಎಲುಬು, ಕೀಲು, ಸ್ನಾಯುಗಳ ತೊಂದರೆ ಇದೆ. ಅವರೆಲ್ಲರನ್ನೂ ಸರ್ಜನ್ ನೋಡಲಾಗದು, ಹೆಚ್ಚಿನವರಿಗೆ ಆಪರೇಷನ್ ಬೇಕಾಗಿಯೂ ಇಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇಷ್ಟು ಕಲಿತವರು ಶಿರೂರಿಗೆ ಬರುತ್ತಾರೆಯೇ, ದುಬೈಗೋ ಇಂಗ್ಲೆಂಡಿಗೋ ಹೋಗುವುದಿಲ್ಲವೇ? ಹೋಗುವವರು ಹೋಗುತ್ತಾರೆ. ಅದಕ್ಕೇ ಕಲಿಕೆಯ ಒಂದು ಭಾಗವೇ ಇಂಥ ಊರಲ್ಲಿ ಆಗಬೇಕು ಎನ್ನುವುದು. ರಂಜಣಗಾಂವ್ ಕಾರ್ಖಾನೆಯಲ್ಲಿ ಜನ ಹೇಗೆ ಬಾಗಿ ಎತ್ತುತ್ತಾರೆ ಎಂದು ನಿಂತು ನೋಡಲಿ, ತಾಲೀಮಿಗೆ ಹೋಗಲಿ, ಫಿಸಿಯೋಥೆರಪಿಯವರ ಪಕ್ಕ ಕೂತು ವ್ಯಾಯಾಮ ಹೇಳಿಕೊಡುವುದು ಕಲಿಯಲಿ, ಒಬ್ಬರ ಟೊಂಕ ನೋವನ್ನು ಆರು ವಾರ ಬೆನ್ನು ಹತ್ತಿ ನೋಡಲಿ. ಪರೀಕ್ಷೆಯಲ್ಲಿ ಬರೆಸುವುದಷ್ಟೇ ಅಲ್ಲ, ಕಣ್ಣೆದುರು ರೋಗಿಯನ್ನು ಪರೀಕ್ಷಿಸಿ ತೋರಿಸದಿದ್ದರೆ ಪಾಸ್ ಮಾಡಬಾರದು. ಈಗಾಗಲೇ ದವಾಖಾನೆ ನಡೆಸುತ್ತಿರುವ ಎಂಬಿಬಿಎಸ್‌ನವರಿಗೂ ನಾಸಿಕ್‌ನ ಆರೋಗ್ಯ ವಿಶ್ವವಿದ್ಯಾಲಯ ಒಂದು ಚಿಕ್ಕ ಕೋರ್ಸ್ ಇಡಲಿ.

ಮತ್ತೊಂದು ಸಣ್ಣ ವಿದ್ಯೆ, ನಮ್ಮ ಮಟ್ಟಿಗೆ ದೊಡ್ಡದು. ‘ಎರಡು ವಾರ 10 ಕಿಲೋಗಿಂತ ಹೆಚ್ಚು ಎತ್ತಬಾರದು, ಕೂತು ಮಾಡುವ ಕೆಲಸ ಕೊಡಿ’ ಎಂದು ಚೀಟಿ ಬರೆಯುವುದು. ‘ರೆಸ್ಟ್’ ಎಂದಷ್ಟೇ ಬರೆದರೆ ಮುಕಾದಮ ಮನೆಗೆ ಕಳಿಸುತ್ತಾನೆ. ಇಎಸ್‌ಐ ಕಟ್ಟುವವರಿಗೆ ಕಾಯಿಲೆ ರಜೆಯಲ್ಲಿ ಪಗಾರದ ಶೇ. 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ, ಅದಕ್ಕೂ ಇಎಸ್‌ಐ ಡಾಕ್ಟರ ಸರ್ಟಿಫಿಕೇಟೇ ಬೇಕು. ಪಗಾರದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಅಂಥ ಡಾಕ್ಟರು ಬರುವ ತನಕ ನೀವೇ ಕೇಳಿ. ಎಲ್ಲಿ ನೋವು ಎಂದು ಒಂದು ಬೆರಳಿಟ್ಟು ತೋರಿಸಿ, ಏನು ಕೆಲಸ ಮಾಡುತ್ತೀರಿ ಎಂದು ಹೇಳಿ, ‘ಡಾಕ್ಟರೇ, ಒಮ್ಮೆ ಮುಟ್ಟಿ ನೋಡಿ’ ಎನ್ನಿ. ಸಂಕೋಚ ಬೇಡ. ಯಾವ ಇಂಜೆಕ್ಷನ್, ಸ್ಟಿರಾಯ್ಡ್ ಇದೆಯೇ ಎಂದು ಕೇಳಿ. ನೋವಿನ ಗುಳಿಗೆ ದಿನಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು, ಬಿಪಿ ಇದ್ದವರಿಗೆ ಇನ್ನೂ ಹೆಚ್ಚು.

ಟೊಂಕ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆ ಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಇಳಿಯುತ್ತಿದ್ದರೆ ಇಂಜೆಕ್ಷನ್‌ಗೆ ನಿಲ್ಲಬೇಡಿ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ವಾರಗಟ್ಟಲೆ ಬೆನ್ನು ನೋವು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಅದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.