ಅರಿವಳಿಕೆಗೆ ಮುನ್ನ ರೋಗದ ಹೆಸರು ತಿಳಿಯಲಿ
ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡಿ, ನಿದ್ದೆಗೆಟ್ಟು ಕಿರುಚತೊಡಗಿದರೆ ಅದು ಮನೋರೋಗವೇ ಆಗಿರಬೇಕಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ತಿರುಗಿಬಿದ್ದು ಉಂಟಾಗುವ ಉರಿಯೂತವೂ ಇರಬಹುದು. ಜೋಸೆಪ್ ಡಾಲ್ಮಾವ್ ತಂಡ ಇದನ್ನು 2007ರಲ್ಲಿ ವಿವರಿಸಿತು. ಇಂಥ ಮಕ್ಕಳಿಗೆ ಎಂಆರ್‌ಐ, ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ, ಕೆಲವು ಹುಡುಗಿಯರಿಗೆ ಅಂಡಾಶಯದ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಕಾಗುತ್ತದೆ. ತೊಡಕಿರುವುದು ಇಲ್ಲೇ. ಅರಿವಳಿಕೆಗೆ ಬಳಸುವ ಕೆಟಮಿನ್, ನೈಟ್ರಸ್ ಆಕ್ಸೈಡ್‌ಗಳೂ ಅದೇ ಗ್ರಾಹಕಗಳನ್ನು ತಡೆಯುತ್ತವೆ. ಜೊತೆಗೆ ಈ ಕಾಯಿಲೆಯಲ್ಲಿ ಹೃದಯಬಡಿತ, ರಕ್ತದೊತ್ತಡ, ಉಸಿರಾಟ ಏಕಾಏಕಿ ಏರುಪೇರಾಗಬಹುದು. ಚಿಕಿತ್ಸೆಗಾಗಿ ವಾರಗಟ್ಟಲೆ ಸ್ಟೆರಾಯ್ಡ್ ಪಡೆದ ಮಗುವಿಗೆ ಶಸ್ತ್ರಚಿಕಿತ್ಸೆ ವೇಳೆ ಅದರ ಹೆಚ್ಚುವರಿ ಡೋಸ್ ಬೇಕಾಗಬಹುದು.

ಕೆಟಮಿನ್‌ನಿಂದ ಹಾನಿ ಎನ್ನಲು ದೊಡ್ಡ ಅಧ್ಯಯನಗಳ ಪುರಾವೆಯಿಲ್ಲ, ಸಣ್ಣ ಆಸ್ಪತ್ರೆಗಳಿಗೆ ಅದೇ ಅಗ್ಗದ, ಪಳಗಿದ ಔಷಧ ಎಂಬ ಆಕ್ಷೇಪವಿದೆ. ಅದು ನಿಜವೇ, ಇರುವುದು ಬಹುತೇಕ ಬಿಡಿ ಪ್ರಕರಣಗಳ ವರದಿ. ಆದರೆ ಕೇಳುತ್ತಿರುವುದು ನಿಷೇಧವನ್ನಲ್ಲ, ವಿವೇಚನೆಯನ್ನು. ಬೇರೆ ಔಷಧ ಕೈಗೆಟುಕುವಲ್ಲಿ ಅನುಮಾನದ ಲಾಭ ಮಗುವಿಗೆ ಸಿಗಬೇಕು. ಕೇಸ್ ಶೀಟಿನಲ್ಲಿ ‘ಮಾನಸಿಕ ತೊಂದರೆ’ ಎಂದಷ್ಟೇ ಗೀಚಿದ್ದರೆ ಅರಿವಳಿಕೆ ತಜ್ಞರಿಗೆ ಆ ಆಯ್ಕೆಯೇ ಇರುವುದಿಲ್ಲ. ರೋಗದ ಹೆಸರು, ಔಷಧಗಳ ಪಟ್ಟಿ ಬರೆದುಕೊಡುವುದನ್ನು ಆಸ್ಪತ್ರೆಗಳು ಕಡ್ಡಾಯ ಮಾಡಲಿ. ಪೋಷಕರೂ ಕೇಳಿ ಪಡೆಯಲಿ.