ನೆರಳು ಕಪ್ಪಲ್ಲ

ಫೋನಿನ ಪರದೆ ನೋಡಿಕೊಂಡು ಹೊಳೆ ಬರೆಯುವುದನ್ನು ನಾನು ನಿಸರ್ಗಚಿತ್ರ ಎಂದು ಒಪ್ಪುವುದಿಲ್ಲ. ಪಿಎಚ್‌.ಡಿ. ಕೆಲಸದ ನಡುವೆ ಬಸರಾಳಿಗೆ ಬಂದಾಗಲೆಲ್ಲ ಜಲವರ್ಣದ ಡಬ್ಬಿ ಹಿಡಿದು ಹೊಂಗೆ ಮರದ ಎದುರು ಕೂರುತ್ತೇನೆ. ಫೋಟೊದಲ್ಲಿ ಆ ಮರದ ನೆರಳು ಬರೀ ಕಪ್ಪು. ಕಣ್ಣಾರೆ ನೋಡಿದರೆ ಅದರೊಳಗೆ ನೀಲಿ, ನೇರಳೆ, ಕೆಮ್ಮಣ್ಣಿನ ಬಣ್ಣ. ಅರ್ಧ ಗಂಟೆಯಲ್ಲಿ ನೆರಳು ಸರಿದಿರುತ್ತದೆ, ಬಿಸಿಲಿಗೆ ಬಣ್ಣ ಬೇಗ ಒಣಗುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನಾನೇ ತೀರ್ಮಾನಿಸಬೇಕು. ಫೋಟೊ ನೋಡಿ ಬರೆಯುವವರ ಪಾಲಿಗೆ ಅದನ್ನು ಕ್ಯಾಮೆರಾ ಮೊದಲೇ ತೀರ್ಮಾನಿಸಿರುತ್ತದೆ.

‘ಬಿಸಿಲಲ್ಲಿ ಕೂರಲು ಯಾರಿಗಿದೆ ಪುರುಸೊತ್ತು?’ ಎನ್ನುವ ಗೆಳೆಯರಿದ್ದಾರೆ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ ಎಂದು ವರ್ಷಗಳನ್ನು ಕಳೆದು ಮತ್ತೆ ಕುಂಚ ಹಿಡಿದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೇ ಹೋಗಿ ಚಿತ್ರ ಬರೆದರು. ಅವರಿಗಿಲ್ಲದ ಅವಸರ ನಮಗೇನು?

ಮದ್ದೂರಿನ ಶಿಂಷಾ ಹೊಳೆಯನ್ನು ಫೋನಿನಲ್ಲಿ ಹುಡುಕಿ, ತುಂಬಿ ಹರಿಯುವ ಫೋಟೊ ಸಿಗುತ್ತದೆ. ಬೇಸಿಗೆಯಲ್ಲಿ ದಡಕ್ಕೇ ಹೋಗಿ, ಮರಳು ತೆಗೆದ ಗುಂಡಿ, ಜೊಂಡು, ನಿಂತ ನೀರು ಕಾಣುತ್ತದೆ. ಅದನ್ನೂ ಬರೆಯಬೇಕಲ್ಲವೇ? ಸಿಕ್ಕಿದ ಚಂದವನ್ನೇ ನಕಲು ಮಾಡುತ್ತಾ ಕೂತರೆ, ಹೊಳೆ ಬತ್ತಿದ ಸುದ್ದಿ ಊರಿಗೆಲ್ಲ ತಿಳಿದ ಮೇಲೆ ಚಿತ್ರಗಾರನಿಗೆ ತಿಳಿಯುತ್ತದೆ.